ಮನೆಯಲ್ಲಿ ಪ್ರಾಣಿ ಉಳಿದಿದೆಯೇ ಎಂದು ಕೇಳುವವರಿಲ್ಲ

ಮಾನ್ಯ ಸಂಪಾದಕರಿಗೆ,

ನೆರೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಸುತ್ತಲೂ ಕೆಂಬಣ್ಣದ ನೀರು, ನಡುವೆ ಮುಳುಗದೆ ಉಳಿದ ಒಂದು ಮಾಡು, ಅದರ ಮೇಲೆ ನಿಂತ ಒಂದು ನಾಯಿ; ಕೆಳಗೆ ‘ರಕ್ಷಣೆಗಾಗಿ ಕಾಯುತ್ತಿರುವ ಮೂಕಪ್ರಾಣಿ’ ಎಂಬ ಅಡಿಬರಹ. ಅಂಥ ಚಿತ್ರ ಕಂಡು ಮರುಗುವ ಓದುಗರಲ್ಲಿ ನಾನೂ ಒಬ್ಬಳು. ಆದರೆ ಮರುಕ ಇಳಿದ ಮೇಲೆ ನನಗೆ ಅನ್ನಿಸುವುದು ಬೇರೆ. ಮಾಡಿನ ಮೇಲೆ ನಿಂತ ನಾಯಿಯದು ಒಂದು ಲೆಕ್ಕಕ್ಕೆ ಪುಣ್ಯವೇ ಸರಿ, ಏಕೆಂದರೆ ಅದು ಯಾರದೋ ಕಣ್ಣಿಗೆ ಬಿದ್ದಿದೆ, ಮತ್ತು ಕಣ್ಣಿಗೆ ಬಿದ್ದದ್ದರ ಬಳಿಗೆ ದೋಣಿ ಹೋಗುವ ಸಾಧ್ಯತೆಯಾದರೂ ಇದೆ. ಬೀಗ ಜಡಿದ ಮನೆಯೊಳಗೆ ಮಂಚದಡಿ ಅವಿತ ಬೆಕ್ಕು, ಹಿತ್ತಲಿನ ಗೂಡಿನಲ್ಲಿ ಅಗಳಿ ಹಾಕಿಸಿಕೊಂಡ ನಾಯಿ, ಮೂಲೆಯ ಕೋಣೆಯ ಪಂಜರದಲ್ಲಿ ಉಳಿದ ಹಕ್ಕಿ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಈ ಪತ್ರ ಅವುಗಳನ್ನು ಕುರಿತದ್ದು.

ನನ್ನ ಕೋರಿಕೆ ಚಿಕ್ಕದು. ಜನರನ್ನು ಸ್ಥಳಾಂತರಿಸುವ ತಂಡದವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಮನೆಯವರ ಹೆಸರು, ಎಷ್ಟು ಮಂದಿ, ಮಕ್ಕಳೆಷ್ಟು, ವಯಸ್ಸಾದವರೆಷ್ಟು, ಕಾಯಿಲೆಯವರು ಇದ್ದಾರೆಯೇ ಎಂಬುದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಾರೆ. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಬೇಕು: ಮನೆಯಲ್ಲಿ ಪ್ರಾಣಿ ಉಳಿದಿದೆಯೇ, ಉಳಿದಿದ್ದರೆ ಯಾವ ಜಾಗದಲ್ಲಿ, ಕಟ್ಟಿದೆಯೋ ಬಿಟ್ಟಿದೆಯೋ, ಬೀಗದ ಕೈ ಯಾರ ಬಳಿ ಇದೆ. ಬಿಟ್ಟುಹೋದ ಪ್ರಾಣಿಯ ರಕ್ಷಣೆ ಎಂದರೆ ನೀರಿಗೆ ಧುಮುಕಿ ಎತ್ತಿಕೊಂಡು ಬರುವುದೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದರಲ್ಲಿ ಮುಕ್ಕಾಲು ಪಾಲು ಹುಡುಕುವ ಕೆಲಸ. ಆ ಕೆಲಸ ಸುಲಭವಾಗುವುದೂ ಕಷ್ಟವಾಗುವುದೂ, ಮನೆಯವರು ದೋಣಿ ಹತ್ತುವ ಎರಡು ನಿಮಿಷಗಳಲ್ಲಿ ಯಾರು ಏನು ಕೇಳಿದರು, ಅದಕ್ಕೆ ಇವರು ಏನು ಹೇಳಿದರು ಎಂಬುದನ್ನು ಅವಲಂಬಿಸಿರುತ್ತದೆ.

ಇದನ್ನು ನಾನು ಓದಿ ತಿಳಿದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಗೆ ರಾತ್ರೋರಾತ್ರಿ ನೀರು ನುಗ್ಗಿತು. ಬೆಳಗಿನ ಜಾವ ದೋಣಿ ಗೇಟಿನ ಬಳಿ ಬಂದು ನಿಂತಾಗ ಅಂಗಳದಲ್ಲಿ ಸೊಂಟಮಟ್ಟ ನೀರಿತ್ತು. ‘ಎಷ್ಟು ಜನ?’ ಎಂದು ಕೇಳಿದರು, ‘ನಾಲ್ಕು’ ಎಂದೆವು. ಬೆಕ್ಕನ್ನು ಕೂಗಿದೆವು, ಬರಲಿಲ್ಲ. ದೋಣಿಯವರು ಅವಸರ ಮಾಡಿದರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮುಂದಿನ ತಿರುವಿನ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಪರಿಹಾರ ಕೇಂದ್ರ ತಲುಪಿದ ಮೇಲೆ ನಾನು ಮೇಜಿನ ಬಳಿ ಹೋಗಿ ಬೆಕ್ಕಿನ ವಿಷಯ ಹೇಳಿದಾಗ, ಪಟ್ಟಿ ಬರೆಯುತ್ತಿದ್ದ ಹುಡುಗ ಪೆನ್ನನ್ನು ಮೇಲೆತ್ತಿ ಹಿಡಿದು, ಇದನ್ನು ಎಲ್ಲಿ ಬರೆಯುವುದೆಂದು ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿ, ಕೊನೆಗೆ ಏನೂ ಬರೆಯದೆ, ‘ನೀರು ಇಳಿಯಲಿ, ನೋಡೋಣ ಅಮ್ಮ’ ಎಂದ. ಅವನಿಗೆ ಮನಸ್ಸಿರಲಿಲ್ಲ ಎಂದು ನಾನು ಹೇಳಲಾರೆ. ಹಾಳೆಯಲ್ಲಿ ಜಾಗವಿರಲಿಲ್ಲ.

ಎರಡನೆಯ ದಿನ ಸ್ವಯಂಸೇವಕರಿಬ್ಬರು ನಮ್ಮ ಬೀದಿಗೆ ಹೋಗಿ, ಕಿಟಕಿಯಿಂದ ಕೂಗಿ ನೋಡಿ, ‘ಒಳಗೆ ಏನೂ ಇಲ್ಲ’ ಎಂದು ಬಂದು ಹೇಳಿದರು. ನಾಲ್ಕನೆಯ ದಿನ ನಾವೇ ಹೋದೆವು. ನೀರು ನಿಂತ ಗೆರೆ ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಮೂಡಿತ್ತು, ನೆಲದ ಮೇಲೆ ಬೆರಳುದ್ದ ಕೆಸರು. ಹೆಸರು ಹಿಡಿದು ಕೂಗಿದೆವು, ತಟ್ಟೆ ಬಡಿದೆವು, ಸದ್ದಿಲ್ಲ. ಮಗ ಕುರ್ಚಿ ಹತ್ತಿ ಅಟ್ಟದ ಮೇಲೆ ಟಾರ್ಚ್ ಬಿಟ್ಟಾಗ ಹಳೆಯ ಟ್ರಂಕಿನ ಹಿಂದೆ ಎರಡು ಹಸಿರು ಚುಕ್ಕೆಗಳು ಹೊಳೆದವು. ಏಳು ವರ್ಷ ನಮ್ಮ ಕಾಲಿಗೆ ಮೈ ಉಜ್ಜಿಕೊಂಡು ಬೆಳೆದ ಬೆಕ್ಕು ನಾವು ಮೂರಡಿ ದೂರದಲ್ಲಿ ನಿಂತು ಕರೆಯುತ್ತಿದ್ದರೂ ಒಂದು ಸಲವೂ ಮಿಯಾಂವ್ ಎನ್ನಲಿಲ್ಲ. ಕೈ ಚಾಚಿದ ಮಗನಿಗೆ ಪರಚಿದ ಗಾಯ ಮಾತ್ರ ಸಿಕ್ಕಿತು. ಆಮೇಲೆ ಟವೆಲ್ ಹೊದಿಸಿ ಇಳಿಸಬೇಕಾಯಿತು.

ಹೆದರಿದ ಬೆಕ್ಕು ಹೀಗೆಯೇ. ಓಡಿ ದೂರ ಹೋಗುವುದಕ್ಕಿಂತ ಹತ್ತಿರದಲ್ಲೇ ಇಕ್ಕಟ್ಟಾದ ಜಾಗ ಹುಡುಕಿ ಉಸಿರು ಬಿಗಿಹಿಡಿದು ಕೂರುವುದು ಅದರ ಜಾಯಮಾನ. ಸದ್ದು ಮಾಡಿದರೆ ಶತ್ರುವಿಗೆ ಸುಳಿವು ಸಿಗುತ್ತದೆ ಎಂಬುದು ಅದರ ಹುಟ್ಟು ತಿಳಿವಳಿಕೆ, ಯಜಮಾನನ ಧ್ವನಿಯನ್ನೂ ಆ ಗಳಿಗೆಯಲ್ಲಿ ಅದು ನಂಬುವುದಿಲ್ಲ. ಕಳೆದುಹೋದ 1,210 ಬೆಕ್ಕುಗಳ ಬಗ್ಗೆ ಮಾಲೀಕರಿಂದ ಮಾಹಿತಿ ಸಂಗ್ರಹಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಿಕ್ಕ ಬೆಕ್ಕುಗಳಲ್ಲಿ ಶೇ 75ರಷ್ಟು ಸಿಕ್ಕಿದ್ದು ಅವು ಕಳೆದುಹೋದ ಜಾಗದಿಂದ 500 ಮೀಟರಿನೊಳಗೆ. ಅದು ವಿಪತ್ತಿನ ಸಂದರ್ಭದ ಅಧ್ಯಯನವಲ್ಲ, ಆದರೂ ಹುಡುಕುವವರಿಗೆ ಅದರಲ್ಲಿ ಪಾಠವಿದೆ. ಬೀದಿಯಲ್ಲಿ ನಿಂತು ಕೂಗಿ ‘ಇಲ್ಲ’ ಎಂದು ಬರೆದುಕೊಳ್ಳುವುದು ಬೆಕ್ಕಿನ ಮಟ್ಟಿಗೆ ಹುಡುಕಿದಂತೆ ಆಗುವುದೇ ಇಲ್ಲ. ಮಂಚದ ಕೆಳಗಿನ ಪೆಟ್ಟಿಗೆ, ಸೋಫಾದ ತಳದ ಬಟ್ಟೆ ಹರಿದಿದ್ದರೆ ಅದರೊಳಗೆ, ಫ್ರಿಜ್ಜಿನ ಹಿಂಬದಿ, ಅಟ್ಟ, ಬಟ್ಟೆಯ ಕಪಾಟಿನ ಮೇಲ್ಭಾಗ, ಮೆಟ್ಟಿಲಿನ ಅಡಿ ಇವೆಲ್ಲವನ್ನೂ ಮೊಣಕಾಲೂರಿ ಟಾರ್ಚ್ ಹಿಡಿದು ನೋಡಬೇಕು. ಕತ್ತಲಲ್ಲಿ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಅದರ ಕಣ್ಣು ಹೊಳೆಯುತ್ತದೆ. ಹಗಲಿನಲ್ಲಿ ಸಿಗದ ಬೆಕ್ಕು ರಾತ್ರಿ ಸಿಗುವುದು ಇದರಿಂದಲೇ.

ಮನೆಯೇ ಉಳಿಯದಿದ್ದರೂ ಬೆಕ್ಕು ಉಳಿದಿರಬಹುದು. 2017 ಮತ್ತು 2018ರಲ್ಲಿ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚುಗಳಲ್ಲಿ ಊರಿಗೆ ಊರೇ ಸುಟ್ಟುಹೋದ ಮೇಲೆ, ಸ್ವಯಂಸೇವಕರು ಬೂದಿಯ ನಡುವೆ ಕಾಡುಪ್ರಾಣಿಗಳಿಗೆ ಬಳಸುವ ಸ್ವಯಂಚಾಲಿತ ಕ್ಯಾಮೆರಾಗಳನ್ನೂ, ಒಳಗೆ ಆಹಾರವಿಟ್ಟ ಬೋನುಗಳನ್ನೂ ಇಟ್ಟು ತಿಂಗಳುಗಟ್ಟಲೆ ಬೆಕ್ಕುಗಳನ್ನು ಹಿಡಿಯುತ್ತಿದ್ದರು. ಮಳೆನೀರಿನ ಮೋರಿಗಳೊಳಗೆ ಸೇರಿಕೊಂಡು ಬದುಕಿದ್ದ ಬೆಕ್ಕುಗಳು ಅವರಿಗೆ ಸಿಕ್ಕವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯರು ಆ ಬೆಂಕಿಗಳಲ್ಲಿ ಸುಟ್ಟ ಬೆಕ್ಕುಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹೃದಯದ ತೊಂದರೆ ಕಂಡುಬಂತು; ಹೊರಗೆ ಪಾದ ಮಾತ್ರ ಸುಟ್ಟಂತೆ ಕಂಡ ಪ್ರಾಣಿಯನ್ನೂ ಪಶುವೈದ್ಯರಿಗೆ ತೋರಿಸದೆ ಮನೆಗೆ ಒಯ್ಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ನಾಯಿಯ ಸ್ವಭಾವ ಬೇರೆ. ಕೆಲವು ನಾಯಿಗಳು ಹೆದರಿಕೆಯಲ್ಲಿ ಮೈಲುಗಟ್ಟಲೆ ಓಡುತ್ತವೆ, ಕೆಲವು ಮನೆಯ ಜಾಗ ಬಿಟ್ಟು ಕದಲುವುದಿಲ್ಲ. ಅದೇ 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ‘ಕ್ಯಾಂಪ್ ಫೈರ್’ ಬೆಂಕಿಯಲ್ಲಿ ಮ್ಯಾಡಿಸನ್ ಎಂಬ ಕಾವಲುನಾಯಿ ತಪ್ಪಿಸಿಕೊಂಡಿತ್ತು. ಸುಮಾರು ಒಂದು ತಿಂಗಳ ನಂತರ ಮಾಲೀಕರಿಗೆ ಒಳಹೋಗಲು ಅನುಮತಿ ಸಿಕ್ಕಾಗ, ಬೂದಿಯಾದ ಮನೆಯ ಜಾಗದಲ್ಲೇ ಅದು ಕಾದಿತ್ತು. ಈ ಸುದ್ದಿಯನ್ನು ಜಗತ್ತೆಲ್ಲ ನಾಯಿಯ ನಿಷ್ಠೆಯ ಕಥೆಯಾಗಿ ಓದಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದರ ಹಿಂದಿನ ಕೆಲಸ: ಸ್ವಯಂಸೇವಕಿಯೊಬ್ಬರು ಆ ನಾಯಿ ಅಲ್ಲಿ ಸುಳಿಯುವುದನ್ನು ಗುರುತಿಸಿ, ಅದನ್ನು ಬೆನ್ನಟ್ಟದೆ, ಅದೇ ಜಾಗದಲ್ಲಿ ಆಹಾರ ಮತ್ತು ನೀರು ಇಡುತ್ತಾ, ಮಾಲೀಕರು ಉಟ್ಟ ಬಟ್ಟೆಯೊಂದನ್ನು ಅಲ್ಲಿ ಇರಿಸಿ, ವಾಸನೆಯ ಎಳೆಯೊಂದನ್ನು ಕಾಯ್ದುಕೊಂಡಿದ್ದರು. ಹುಡುಕಿ ಹೊರಟವರು ಮಾಡುವ ಮೊದಲ ತಪ್ಪು ಬೆನ್ನಟ್ಟುವುದು. ನಾಲ್ಕು ಜನ ಕೂಗಿಕೊಂಡು ಸುತ್ತುವರಿದರೆ ಸಾಕಿದ ನಾಯಿಯೂ ಕಾಡುನಾಯಿಯಂತೆ ಕಾಲಿಗೆ ಬುದ್ಧಿ ಹೇಳುತ್ತದೆ, ಇಲ್ಲವೇ ಕಚ್ಚುತ್ತದೆ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಕಣ್ಣಿಗೆ ಕಣ್ಣು ಕೊಡದೆ, ಅದು ತಾನಾಗಿ ಬಳಿಗೆ ಬರುವವರೆಗೆ ಕಾಯುವ ತಾಳ್ಮೆ ಇರುವವರೊಬ್ಬರು ಸಾಕು.

ಇನ್ನು, ಪ್ರಾಣಿ ಉಳಿದಿದೆ ಎಂದು ಜನ ಹೇಳುವುದೇ ಇಲ್ಲವಲ್ಲ, ಅದೇಕೆ ಎಂದು ಕೇಳಬಹುದು. ಕೆಲವರಿಗೆ ನಾಚಿಕೆ: ಮನುಷ್ಯರೇ ಸಾಯುತ್ತಿರುವಾಗ ನಾಯಿಯ ಮಾತೆತ್ತುವುದು ಹೇಗೆ ಎಂಬ ಸಂಕೋಚ. ಕೆಲವರಿಗೆ, ಹೇಳಿದರೂ ಯಾರು ಕೇಳುತ್ತಾರೆ ಎಂಬ ಖಚಿತ ನಂಬಿಕೆ. ಬಹಳ ಮಂದಿಗೆ, ನಾಳೆಯೋ ನಾಳಿದ್ದೋ ಮರಳಿಬಿಡುತ್ತೇವೆ ಎಂಬ ಲೆಕ್ಕಾಚಾರ. ಈ ಕೊನೆಯದೇ ಅತ್ಯಂತ ಅಪಾಯಕಾರಿ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಜಪಾನಿನ ಫುಕುಶಿಮಾ ಅಣುಸ್ಥಾವರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯ ಜನರನ್ನು ತೆರವುಗೊಳಿಸಿದಾಗ, ಕೆಲವೇ ದಿನಗಳ ಮಾತು ಎಂದುಕೊಂಡು ಎಷ್ಟೋ ಮಂದಿ ನಾಯಿಗಳನ್ನು ಕಟ್ಟಿದಲ್ಲೇ ಬಿಟ್ಟು, ಮುಂದೆ ಒಂದಿಷ್ಟು ಆಹಾರ ಸುರಿದು ಹೊರಟರು. ಏಪ್ರಿಲ್ 22ರಿಂದ ಆ ವಲಯಕ್ಕೆ ಪ್ರವೇಶವೇ ನಿಷಿದ್ಧವಾಯಿತು. ಕಟ್ಟಿದ ಹಗ್ಗ ಕಟ್ಟಿದಂತೆಯೇ ಉಳಿಯಿತು.

ಆ ಅನುಭವದಿಂದ ಜಪಾನಿನ ಪರಿಸರ ಸಚಿವಾಲಯ 2013ರಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿ, ವಿಪತ್ತಿನಲ್ಲಿ ಸಾಕುಪ್ರಾಣಿಯನ್ನು ಜೊತೆಗೇ ಕರೆದುಕೊಂಡು ಹೊರಡುವುದು ಮೂಲ ತತ್ವವೆಂದು ಸಾರಿತು. ಅದರಲ್ಲಿ ಒಂದು ಸೂಕ್ಷ್ಮವಿದೆ. ಜೊತೆಗೆ ಹೊರಡುವುದು ಎಂದರೆ ಪರಿಹಾರ ಕೇಂದ್ರದಲ್ಲಿ ಜೊತೆಗೆ ಮಲಗುವುದು ಎಂದಲ್ಲ. ಅಪಾಯದ ಜಾಗದಿಂದ ಪ್ರಾಣಿಯೂ ಹೊರಬರಬೇಕು, ಬಂದ ಮೇಲೆ ಅದನ್ನು ಬೇರೆ ಕೋಣೆಯಲ್ಲೋ ಹೊರಗಿನ ಚಪ್ಪರದಲ್ಲೋ ಇರಿಸಬಹುದು. ನಮ್ಮಲ್ಲಿ ಈ ಚರ್ಚೆ ಬಂದಾಗಲೆಲ್ಲ ಅಲರ್ಜಿ ಇರುವವರು, ನಾಯಿಗೆ ಹೆದರುವ ಮಕ್ಕಳು, ಗಲೀಜು, ಬೊಗಳುವ ಸದ್ದು ಎಂಬ ಆಕ್ಷೇಪಗಳು ಬರುತ್ತವೆ. ಅವೆಲ್ಲ ನ್ಯಾಯವಾದ ಆಕ್ಷೇಪಗಳೇ. ಆದರೆ ಅವು ಒಂದೇ ಚಾವಣಿಯಡಿ ಇರಿಸುವುದರ ವಿರುದ್ಧ ಹೇಳುವ ಮಾತುಗಳೇ ಹೊರತು, ಕರೆತರುವುದರ ವಿರುದ್ಧ ಹೇಳುವ ಮಾತುಗಳಲ್ಲ.

‘ಮೊದಲು ಮನುಷ್ಯರು’ ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಆ ಮಾತನ್ನು ಹೇಳುವವರು ಕತ್ರಿನಾ ಚಂಡಮಾರುತದ ಲೆಕ್ಕವನ್ನು ಒಮ್ಮೆ ನೋಡಬೇಕೆಂದಷ್ಟೇ ನನ್ನ ವಿನಂತಿ. 2005ರ ಆಗಸ್ಟ್ 29ರಂದು ಅದು ಅಪ್ಪಳಿಸಿದಾಗ ಒಡ್ಡುಗಳು ಒಡೆದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ 80 ಭಾಗ ನೀರಿನಲ್ಲಿ ಮುಳುಗಿತು. ಪ್ರಾಣಿಗಳನ್ನು ಬಸ್ಸಿಗೆ ಹತ್ತಿಸುವಂತಿರಲಿಲ್ಲ. ಸೂಪರ್‌ಡೋಮ್ ಕ್ರೀಡಾಂಗಣದ ಹೊರಗೆ ಬಸ್ಸು ಹತ್ತುತ್ತಿದ್ದ ಪುಟ್ಟ ಹುಡುಗನೊಬ್ಬನ ಕೈಯಿಂದ ಪೊಲೀಸರು ಅವನ ನಾಯಿಮರಿಯನ್ನು ಕಿತ್ತುಕೊಂಡಾಗ, ಅವನು ‘ಸ್ನೋಬಾಲ್, ಸ್ನೋಬಾಲ್’ ಎಂದು ಕೂಗುತ್ತಾ ವಾಂತಿ ಮಾಡಿಕೊಳ್ಳುವವರೆಗೆ ಅತ್ತನೆಂದು ಸುದ್ದಿಸಂಸ್ಥೆ ವರದಿ ಮಾಡಿತು. ಆ ದೇಶವೇ ಆ ಹೆಸರನ್ನು ನೆನಪಿಟ್ಟುಕೊಂಡಿತು. ಫ್ರಿಟ್ಜ್ ಇನ್‌ಸ್ಟಿಟ್ಯೂಟ್ 2006ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮನೆ ಬಿಟ್ಟು ಹೊರಡದೆ ಉಳಿದವರ ಪೈಕಿ ಶೇ 44ರಷ್ಟು ಮಂದಿ ತಾವು ಉಳಿದದ್ದಕ್ಕೆ ಸಾಕುಪ್ರಾಣಿಗಳನ್ನು ಬಿಟ್ಟುಹೋಗಲು ಮನಸ್ಸಾಗದ್ದೂ ಒಂದು ಕಾರಣವೆಂದು ಹೇಳಿದ್ದರು. ಹೊರಡಲು ಒಪ್ಪದೆ ಉಳಿದವರ ಬಳಿಗೆ ಆಮೇಲೆ ಯಾರು ಹೋಗಬೇಕು? ಅದೇ ದೋಣಿ, ಅದೇ ತಂಡ, ಆದರೆ ಇನ್ನಷ್ಟು ಏರಿದ ನೀರಿನಲ್ಲಿ. 2018ರ ಕೇರಳದ ಮಹಾಪ್ರವಾಹದಲ್ಲೂ ತ್ರಿಶೂರಿನ ಮಹಿಳೆಯೊಬ್ಬರು ತಮ್ಮ 25 ನಾಯಿಗಳನ್ನು ಬಿಟ್ಟು ಬರುವುದಿಲ್ಲವೆಂದು ರಕ್ಷಣಾ ತಂಡವನ್ನು ವಾಪಸು ಕಳಿಸಿದ್ದರು. ನಾಯಿಗಳಿಗೂ ವ್ಯವಸ್ಥೆಯಾದ ಮೇಲಷ್ಟೇ ಹೊರಬಂದರು. ನಾಯಿಗೆ ಜಾಗ ಕೊಡುವುದರಿಂದ ಮನುಷ್ಯರ ರಕ್ಷಣೆ ತಡವಾಗುತ್ತದೆ ಎನ್ನುವವರಿಗೆ ಇದರಲ್ಲೇ ಉತ್ತರವಿದೆ.

ಅಮೆರಿಕದಲ್ಲಿ ಕತ್ರಿನಾದ ಮರುವರ್ಷವೇ, 2006ರ ಅಕ್ಟೋಬರ್ 6ರಂದು, ಹೊಸ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ರಾಜ್ಯ ಮತ್ತು ಸ್ಥಳೀಯ ಆಡಳಿತಗಳ ವಿಪತ್ತು ಯೋಜನೆಗಳು ಸಾಕುಪ್ರಾಣಿಗಳಿರುವ ಕುಟುಂಬಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ಅಷ್ಟಾದರೂ ಪ್ರಾಣಿಗಳು ಹಿಂದುಳಿಯುವುದು ನಿಂತಿಲ್ಲ. 2018ರ ಫ್ಲಾರೆನ್ಸ್ ಚಂಡಮಾರುತದಲ್ಲಿ ಉತ್ತರ ಕ್ಯಾರೊಲೈನಾದ ಮನೆಯೊಂದರ ಹೊರಗಿನ ಗೂಡಿನಲ್ಲಿ ಬೀಗ ಹಾಕಿ ಬಿಟ್ಟಿದ್ದ ಆರು ನಾಯಿಗಳು, ನೀರು ಏರುತ್ತಿದ್ದಂತೆ ಹಿಂಗಾಲ ಮೇಲೆ ನಿಂತು ಸರಳುಗಳ ನಡುವೆ ಮೂತಿ ತೂರಿಸಿ ಬೊಗಳುತ್ತಿದ್ದ ದೃಶ್ಯವನ್ನು ಅನೇಕರು ನೋಡಿರಬಹುದು. ಅತ್ತ ಹೋದವರು ಅಗಳಿ ತೆಗೆದದ್ದರಿಂದ ಅವು ಬದುಕಿದವು. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತ ಬರುವ ಮುನ್ನ ಫ್ಲಾರಿಡಾದ ಹೆದ್ದಾರಿಯ ಬದಿಯ ಬೇಲಿಗೆ ಕಟ್ಟಿಹಾಕಿದ್ದ ನಾಯಿಯೊಂದನ್ನು, ಹೊಟ್ಟೆಮಟ್ಟ ನೀರಿನಲ್ಲಿ ನಿಂತಿದ್ದಾಗ, ಗಸ್ತಿನ ಪೊಲೀಸರು ಬಿಡಿಸಿದರು. ಅದಕ್ಕೆ ‘ಟ್ರೂಪರ್’ ಎಂದು ಹೆಸರಿಟ್ಟರು. ವಿಪತ್ತಿನ ಹೊತ್ತಿನಲ್ಲಿ ನಾಯಿಯನ್ನು ಕಟ್ಟಿ ಬಿಟ್ಟುಹೋದರೆ ಐದು ವರ್ಷಗಳವರೆಗೆ ಜೈಲು ಎಂಬ ಕಾನೂನು 2025ರಲ್ಲಿ ಅಲ್ಲಿ ಬಂದಾಗ ಆ ಕಾನೂನಿಗೂ ಅದೇ ಹೆಸರು ಬಂತು.

ಶಿಕ್ಷೆಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ ಎಂದು ಇಲ್ಲಿ ಹೇಳಿಬಿಡುತ್ತೇನೆ. ಬೇಲಿಗೆ ಕಟ್ಟಿ ಓಡಿಹೋಗುವವನಿಗೆ ಶಿಕ್ಷೆಯಾಗಲಿ. ಆದರೆ ಪ್ರಾಣಿಗೆ ಪ್ರವೇಶವಿಲ್ಲ ಎಂದು ಪರಿಹಾರ ಕೇಂದ್ರದ ಬಾಗಿಲಿನಲ್ಲಿ ತಡೆದು, ಆಮೇಲೆ ಬಿಟ್ಟುಬಂದದ್ದಕ್ಕೆ ಕೇಸು ಹಾಕುವುದು ನ್ಯಾಯವಲ್ಲ. ಶಿಕ್ಷೆಗೆ ಹೆದರಿದವನು ‘ನಮ್ಮ ಮನೆಯಲ್ಲಿ ನಾಯಿ ಉಳಿದಿದೆ’ ಎಂದು ಬಾಯಿ ಬಿಡುವುದೂ ಇಲ್ಲ. ನಮಗೆ ಬೇಕಾದದ್ದು ಆ ಮಾಹಿತಿ.

ಬಿಟ್ಟುಹೋಗದೆ ಬೇರೆ ದಾರಿಯೇ ಇಲ್ಲದ ಗಳಿಗೆಯೂ ಬರುತ್ತದೆ, ನಮಗೇ ಬಂದಿತ್ತು. ಆಗ ಮಾಡಬಹುದಾದದ್ದು ಇಷ್ಟು. ಯಾವ ಕಾರಣಕ್ಕೂ ಕಟ್ಟಿಹಾಕಿ ಹೋಗಬಾರದು, ಗೂಡಿಗೆ ಅಗಳಿ ಹಾಕಬಾರದು. ಬೀದಿಗೆ ಅಟ್ಟಿಬಿಡುವುದೂ ಪರಿಹಾರವಲ್ಲ. ಹಾಗೆ ಬಿಟ್ಟ ಪ್ರಾಣಿ ಎಲ್ಲಿದೆ ಎಂದು ಆಮೇಲೆ ಯಾರಿಗೂ ಹೇಳಲಾಗದು. ಮನೆಯೊಳಗೆ, ನೀರಿನ ಅಪಾಯವಿದ್ದರೆ ಎತ್ತರಕ್ಕೆ ಹೋಗಲು ದಾರಿ ಇರುವಂತೆ ಒಳಬಾಗಿಲುಗಳನ್ನು ತೆರೆದು, ಆ ಬಾಗಿಲುಗಳು ಗಾಳಿಗೆ ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಇಟ್ಟು, ಉರುಳದ ಅಗಲವಾದ ಪಾತ್ರೆಗಳಲ್ಲಿ ಎರಡು ಮೂರು ಕಡೆ ಎತ್ತರದಲ್ಲಿ ನೀರಿಡಬೇಕು. ಆಹಾರಕ್ಕಿಂತ ನೀರು ಮುಖ್ಯ. ಮುಂಬಾಗಿಲಿನ ಮೇಲೆ ಎಷ್ಟು ಪ್ರಾಣಿ, ಯಾವುದು, ಎಲ್ಲಿ ಅವಿತುಕೊಳ್ಳುತ್ತದೆ, ಫೋನ್ ನಂಬರ್ ಏನು, ಇವತ್ತು ಯಾವ ತಾರೀಖು ಎಂದು ನೀರಿಗೆ ಅಳಿಸದ ಮಾರ್ಕರಿನಲ್ಲಿ ಬರೆದು ಅಂಟಿಸಬೇಕು. ತಾರೀಖು ಏಕೆಂದರೆ, ವರ್ಷಗಳ ಹಿಂದೆ ಅಂಟಿಸಿದ ‘ಇಲ್ಲಿ ನಾಯಿ ಇದೆ’ ಎಂಬ ಚೀಟಿ ನಾಯಿ ಜೊತೆಗೆ ಹೋದ ಮೇಲೂ ಬಾಗಿಲಿನಲ್ಲಿ ಉಳಿದಿರುತ್ತದೆ. ಅದನ್ನು ನಂಬಿ ಯಾರೋ ಜೀವ ಪಣವಿಟ್ಟು ಖಾಲಿ ಮನೆಗೆ ನುಗ್ಗುತ್ತಾರೆ. ಪ್ರಾಣಿಯನ್ನು ಕರೆದುಕೊಂಡು ಹೊರಟರೆ ಚೀಟಿಯ ಮೇಲೆ ಅಡ್ಡಗೆರೆ ಎಳೆದು ‘ಹೊರಟಿದ್ದೇವೆ’ ಎಂದು ಬರೆಯಬೇಕು.

ಹುಡುಕುವವರಿಗೂ ಬಾಗಿಲೇ ಹಲಗೆ. ನ್ಯೂ ಆರ್ಲಿಯನ್ಸಿನ ಮನೆಗಳ ಗೋಡೆಗಳ ಮೇಲೆ ರಕ್ಷಣಾ ತಂಡಗಳು ಸ್ಪ್ರೇ ಬಣ್ಣದಲ್ಲಿ ದೊಡ್ಡ ಗುಣಾಕಾರ ಚಿಹ್ನೆ ಹಾಕಿ, ಅದರ ನಾಲ್ಕು ಭಾಗಗಳಲ್ಲಿ ತಾರೀಖು, ತಂಡದ ಹೆಸರು, ಅಪಾಯಗಳು, ಒಳಗೆ ಸಿಕ್ಕವರ ಸಂಖ್ಯೆ ಬರೆಯುತ್ತಿದ್ದರು. ಅದರ ಪಕ್ಕದಲ್ಲಿ ಪ್ರಾಣಿ ರಕ್ಷಕರು ನಾಯಿ ಕಂಡದ್ದನ್ನು, ಆಹಾರ ಮತ್ತು ನೀರು ಇಟ್ಟ ದಿನವನ್ನು ಬೇರೆಯಾಗಿ ಬರೆದರು. ಒಂದು ತಂಡ ಕಂಡದ್ದನ್ನು ಇನ್ನೊಂದು ತಂಡಕ್ಕೆ ತಿಳಿಸುವ ಇಂಥ ಏರ್ಪಾಡು ಇಲ್ಲದಿದ್ದರೆ ಒಂದೇ ಮನೆಗೆ ಮೂರು ಸಲ ಹೋಗುತ್ತಾರೆ, ಪಕ್ಕದ ಮನೆಗೆ ಯಾರೂ ಹೋಗುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು: ಒಳ್ಳೆಯ ಮನಸ್ಸಿನಿಂದ ತಾವಾಗಿ ಹೊರಟುಬರುವವರು, ಅದರಲ್ಲೂ ಒಂದು ಕೈಯಲ್ಲಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾ ನೀರಿಗಿಳಿಯುವವರು, ಆಡಳಿತಕ್ಕೆ ಹೇಳದೆ ಒಳನುಗ್ಗಬಾರದು. ಕೆಸರುನೀರಿನಡಿ ತೆರೆದ ಮ್ಯಾನ್‌ಹೋಲ್ ಇರುತ್ತದೆ, ವಿದ್ಯುತ್ ತಂತಿ ಇರುತ್ತದೆ, ಆಸರೆ ಹುಡುಕಿಕೊಂಡು ಒಣ ಜಾಗ ಸೇರಿದ ಹಾವು ಇರುತ್ತದೆ. ನೆರೆನೀರಿನಿಂದ ಇಲಿಜ್ವರ ಮನುಷ್ಯರಿಗೂ ನಾಯಿಗಳಿಗೂ ಬರುತ್ತದೆ.

ಪ್ರಾಣಿ ಸಿಕ್ಕಿದ ಮೇಲೆ ಮೊದಲ ಅರ್ಧ ಗಂಟೆ ಬಹಳ ಎಚ್ಚರ ಬೇಕು. ಹಲವು ದಿನ ಹಸಿದ ಪ್ರಾಣಿಗೆ ಕನಿಕರದಿಂದ ಬೊಗಸೆಗಟ್ಟಲೆ ತಿನ್ನಿಸಿದರೆ ದೇಹದ ಲವಣಗಳ ಸಮತೋಲನ ತಪ್ಪಿ ಪ್ರಾಣಕ್ಕೇ ಸಂಚಕಾರ ಬರಬಹುದು. ಸ್ವಲ್ಪ ಸ್ವಲ್ಪವಾಗಿ, ಪಶುವೈದ್ಯರು ಹೇಳಿದ ಅಳತೆಯಲ್ಲಿ ಕೊಡಬೇಕು. ಗಾಯಗೊಂಡ ನಾಯಿಯ ಬಾಯಿಗೆ ಮೆತ್ತನೆಯ ಬಟ್ಟೆ ಕಟ್ಟಿ ಎತ್ತುವುದು ಸರಿ, ಆದರೆ ಅದು ಏದುಸಿರು ಬಿಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಕಟ್ಟಬಾರದು. ಕಚ್ಚಿದರೆ, ಪರಚಿದರೆ, ಎಷ್ಟೇ ಸಾಕಿದ ಪ್ರಾಣಿಯಾಗಿರಲಿ, ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ರೇಬಿಸ್ ಲಸಿಕೆಗೆ ವೈದ್ಯರ ಬಳಿ ಹೋಗಬೇಕು. ನನ್ನ ಮಗನನ್ನೂ ಕರೆದುಕೊಂಡು ಹೋಗಿದ್ದೆವು.

ಆಮೇಲಿನ ಪ್ರಶ್ನೆ, ಇದು ಯಾರದು? ಕತ್ರಿನಾದಲ್ಲಿ ಕಾಪಾಡಿದ ಪ್ರಾಣಿಗಳಲ್ಲಿ ತಮ್ಮ ಮನೆಯವರನ್ನು ಮತ್ತೆ ಸೇರಿದವು ಕೆಲವೇ ಕೆಲವು. ಉಳಿದವು ದೂರದ ರಾಜ್ಯಗಳಲ್ಲಿ ದತ್ತು ಹೋದವು. ತಿಂಗಳುಗಳ ನಂತರ ಮೂಲ ಮಾಲೀಕರು ಪತ್ತೆ ಹಚ್ಚಿ ಕೇಳಿದಾಗ ಹೊಸ ಮನೆಯವರು ಕೊಡಲು ಒಪ್ಪದೆ ಮೊಕದ್ದಮೆಗಳೇ ನಡೆದವು. ಎರಡೂ ಕಡೆ ಪ್ರೀತಿ ಇತ್ತು, ಇಲ್ಲದೇ ಇದ್ದದ್ದು ದಾಖಲೆ. ಚರ್ಮದಡಿ ಸೇರಿಸುವ, ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಈ ಕೊರತೆಯನ್ನು ತುಂಬುತ್ತದೆ. ಅದು ಪ್ರಾಣಿ ಎಲ್ಲಿದೆ ಎಂದು ಮೊಬೈಲಿಗೆ ತಿಳಿಸುತ್ತದೆ ಎಂಬ ತಪ್ಪು ನಂಬಿಕೆ ಹಲವರಲ್ಲಿದೆ. ಅದರಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ 15 ಅಂಕಿಗಳ ಒಂದು ಸಂಖ್ಯೆಯನ್ನು ತೋರಿಸುವುದಷ್ಟೇ ಅದರ ಕೆಲಸ. ಅಮೆರಿಕದ 53 ಪ್ರಾಣಿ ಆಶ್ರಯತಾಣಗಳ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀದಿಯಲ್ಲಿ ಸಿಕ್ಕ ಬೆಕ್ಕುಗಳ ಪೈಕಿ ಒಟ್ಟಾರೆ ಶೇ 1.8ರಷ್ಟು ಮಾತ್ರ ಮನೆ ಸೇರಿದ್ದರೆ, ಚಿಪ್ ಇದ್ದ ಬೆಕ್ಕುಗಳಲ್ಲಿ ಶೇ 38.5ರಷ್ಟು ಮನೆ ಸೇರಿದ್ದವು. ನಾಯಿಗಳಲ್ಲಿ ಈ ಅಂತರ ಶೇ 21.9 ಮತ್ತು ಶೇ 52.2. ಚಿಪ್ ಇದ್ದೂ ಮಾಲೀಕರು ಸಿಗದೆ ಹೋದದ್ದಕ್ಕೆ ಮುಖ್ಯ ಕಾರಣ ಏನೆಂದರೆ, ನೋಂದಾಯಿಸಿದ ಫೋನ್ ನಂಬರ್ ಬದಲಾಗಿತ್ತು ಅಥವಾ ಕಡಿತಗೊಂಡಿತ್ತು. ಚಿಪ್ ಇಲ್ಲದವರಿಗೆ ಕೊರಳಪಟ್ಟಿಯ ಮೇಲೆ ಬರೆದ ನಂಬರು, ಮತ್ತು ಪ್ರಾಣಿಯ ಜೊತೆ ತಾವೂ ಇರುವ, ಅದರ ಮಚ್ಚೆ ಗುರುತುಗಳು ಕಾಣುವ ಒಂದು ಫೋಟೊ ಇದ್ದರೆ ಅದೂ ದೊಡ್ಡ ಸಾಕ್ಷಿಯೇ.

ಸಂಪಾದಕರೇ, ಕೊನೆಯಲ್ಲಿ ತಮ್ಮ ಪತ್ರಿಕೆಯಲ್ಲೇ ಒಂದು ಕೋರಿಕೆ. ಮಾಡಿನ ಮೇಲಿನ ನಾಯಿಯ ಚಿತ್ರ ಮುಂದೆ ಎಂದಾದರೂ ಅಚ್ಚಾದರೆ, ಅಡಿಬರಹದಲ್ಲಿ ‘ಮೂಕಪ್ರಾಣಿ’ ಎಂಬ ಮಾತಿನ ಬದಲು ಅದು ಯಾವ ಬೀದಿ, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದ ಚಿತ್ರ ಎಂದು ಬರೆಯಿಸಿ. ತಮ್ಮ ಛಾಯಾಗ್ರಾಹಕರಿಗೆ ಅದು ಗೊತ್ತಿರುತ್ತದೆ. ಬೇರೆ ಊರಿನ ನೆಂಟರ ಮನೆಯಲ್ಲೋ ಪರಿಹಾರ ಕೇಂದ್ರದಲ್ಲೋ ಕುಳಿತು ಪತ್ರಿಕೆ ಬಿಡಿಸಿದ ಯಾರಿಗಾದರೂ ‘ಇದು ನಮ್ಮದೇ’ ಎಂದು ಗುರುತಿಸಿ, ಫೋನ್ ಮಾಡಲು ಅಷ್ಟು ಸಾಕು. ನೆರೆ ಇಳಿದ ಮೇಲಿನ ದಿನಗಳಲ್ಲಿ, ಸಿಕ್ಕ ಪ್ರಾಣಿಗಳ ವಿವರಕ್ಕೆ ಒಳಪುಟದಲ್ಲಿ ನಾಲ್ಕು ಇಂಚು ಜಾಗ ಕೊಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಮನೆಯಲ್ಲಿ ಈಗ ಮುಂಬಾಗಿಲಿನ ಒಳಗಡೆ, ಬೀಗದ ಕೈ ತೂಗುಹಾಕುವ ಮೊಳೆಯ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿದ ಒಂದು ಚೀಟಿ ಇದೆ. ಹೊರಡುವಾಗ ಅದನ್ನು ತೆಗೆದು ಬಾಗಿಲಿನ ಹೊರಗೆ ಅಂಟಿಸಬೇಕೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಅದರಲ್ಲಿ ಬರೆದಿರುವುದು: ‘ಬೆಕ್ಕು, ಒಂದು. ಬೂದು ಬಣ್ಣ. ಕರೆದರೆ ಉತ್ತರ ಕೊಡುವುದಿಲ್ಲ. ಅಟ್ಟದ ಮೇಲೆ ಟ್ರಂಕಿನ ಹಿಂದೆ ನೋಡಿ. ಪರಚುತ್ತದೆ, ಟವೆಲ್ ತನ್ನಿ.’

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು